ದಾನಮ್ಮನ ತೋಳಚ್ಚು

ನಿಮ್ಮ ಕೈ ನಿಮ್ಮದಲ್ಲ ಎಂದು ನೀವೇ ತೊಟ್ಟ ಬಳೆ ಹೇಳಿಬಿಟ್ಟರೆ ಏನು ಮಾಡುತ್ತೀರಿ?

ದಾನಮ್ಮ ನಾಟೀಕಾರ ಏನೂ ಮಾಡಲಿಲ್ಲ. ಬಗ್ಗಿ ಇನ್ನೊಂದು ಕಲ್ಲು ಎತ್ತಿಕೊಂಡಳು, ಅದನ್ನೂ ಎಸೆದಳು. ಡೋಣಿ ನದಿಯ ದಂಡೆ, ಆಳೆತ್ತರ ನಿಂತ ಬಿಳಿಜೋಳ, ನಡುವೆ ನಾಲ್ಕು ಕಂಬದ ಅಟ್ಟಣಿಗೆ, ಅದರ ಮೇಲೆ ಅವಳು. ಕಲ್ಲು ಹೋಗಿ ಬಿತ್ತು, ಗುಬ್ಬಿಗಳ ಹಿಂಡು ಭರ್ ಎಂದು ಎದ್ದಿತು, ಮಣಿಕಟ್ಟಿನ ಕಪ್ಪು ಬಳೆ ಮತ್ತೆ ಒದರಿತು:

"ನೋಂದಾಯಿತ ತೋಳಚ್ಚಿನ ಅನಧಿಕೃತ ಪುನರಾವರ್ತನೆ. ಎಚ್ಚರಿಕೆ ನಲವತ್ತೆರಡು."

"ಏನಂತೈತಿ ಅದು?" ಕೆಳಗೆ ರೊಟ್ಟಿಗಂಟು ಬಿಚ್ಚುತ್ತಿದ್ದ ಆಯಿ ಭಾಗವ್ವ ಕೇಳಿದಳು. ದಾನಮ್ಮನ ತಾಯಿಯ ತಾಯಿ. ದಾನಮ್ಮನನ್ನು ಸಾಕಿದವಳೂ ಅವಳೇ.

"ಹೊತ್ತಾತು, ಊಟಕ್ಕ ಇಳಿ ಅಂತೈತಿ ಆಯಿ."

"ಶಾಣೇ ಬಳಿ ಐತಿ ಬಿಡು."

ಆಯಿಗೆ ನಿಜ ಹೇಳುವ ಧೈರ್ಯ ಅವಳಿಗಿರಲಿಲ್ಲ. ನಿಮಗೆ ನಾನು ಹೇಳುತ್ತೇನೆ.

ಬೇಸ್‌ಬಾಲ್ ನಮ್ಮ ಕಡೆ ಬೇರು ಬಿಟ್ಟು ಆಗ ಹದಿನೈದು ವರ್ಷ. ಬೀದರಿನಿಂದ ಬಳ್ಳಾರಿಯವರೆಗೆ ಊರಿಗೊಂದು ತಂಡ, ಗಂಡಸರು ಹೆಂಗಸರು ಒಟ್ಟಿಗೇ ಆಡುವ ಲೀಗು. ಆಟ ಗೊತ್ತಿಲ್ಲದವರಿಗೆ ಎರಡೇ ಮಾತು: ಮಣ್ಣಿನ ದಿಬ್ಬದ ಮೇಲೆ ಎಸೆತಗಾರ, ಅರವತ್ತಡಿ ಆಚೆ ಬ್ಯಾಟು ಹಿಡಿದವರು, ಅವರ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕೂತ ಕ್ಯಾಚರ್. ಚೆಂಡು ನೆಲ ಮುಟ್ಟದೆ ಬರಬೇಕು. ಬ್ಯಾಟಿಗೆ ಮೂರು ಸಲ ಚೆಂಡು ತಪ್ಪಿದರೆ ಔಟ್, ಬೇಲಿಯಾಚೆ ಹೊಡೆದರೆ ಹೋಂ ರನ್. ಇಷ್ಟು ತಿಳಿದರೆ ಈ ಕಥೆಗೆ ಸಾಕು.

ದಾನಮ್ಮ ಹುಬ್ಬಳ್ಳಿ ಗರುಡ ತಂಡದ ಎಸೆತಗಾರ್ತಿ. ಹತ್ತೊಂಬತ್ತಕ್ಕೆ ದಿಬ್ಬ ಹತ್ತಿದವಳು, ನಾಲ್ಕು ವರ್ಷ ಇಳಿಯಲಿಲ್ಲ. ಅವಳ ಚೆಂಡಿಗೆ ಮಹಾ ವೇಗವೇನಿರಲಿಲ್ಲ. ಆದರೆ ಬ್ಯಾಟಿನ ಮುಂದೆ ಒಂದು ಗೇಣು ಇರುವಾಗ ಅದು ಸರಕ್ಕನೆ ಒಳಗೆ ತಿರುಗುತ್ತಿತ್ತು. ಆಗಿನ ಅವಳ ಕ್ಯಾಚರ್ ಜುಲೇಖಾ ಬಾಗವಾನ ಹೇಳುತ್ತಿದ್ದಳು, "ನಿನ್ನ ಚೆಂಡು ಮನ್ಯಾಗ ಏನೋ ಮರ್ತ ಬಂದಂಗ ಹೊಳ್ಳತೈತಿ ನೋಡಲೇ." ಆ ಮಣಿಕಟ್ಟಿನ ತಿರುಗು ಯಾವ ಕೋಚೂ ಕಲಿಸಿದ್ದಲ್ಲ. ಐದನೇ ವಯಸ್ಸಿನಿಂದ ಜೋಳದ ಹೊಲದಲ್ಲಿ ಹಕ್ಕಿ ಕಾಯುತ್ತ, ಕೈಯಿಂದಲೂ ಕವಣೆಯಿಂದಲೂ ಕಲ್ಲು ಬೀಸಿ ಬೀಸಿ ಬಂದದ್ದು.

ತಂಡದ ಮಾಲೀಕ ಮೃತ್ಯುಂಜಯ ಕೆರೂರ ಆಗಲೇ ತೋಳಚ್ಚಿನ ಬೆನ್ನು ಹತ್ತಿದ್ದ. ತೋಳಚ್ಚು ಎಂದರೆ ಕೈಯ ಅಚ್ಚು. ಒಬ್ಬರು ಏನು ನೋಡಿದಾಗ, ಏನು ಕೇಳಿದಾಗ, ಯಾವ ಸ್ನಾಯು ಯಾವ ಗಳಿಗೆಯಲ್ಲಿ ಎಷ್ಟು ಬಿಗಿಯುತ್ತದೆ ಎಂಬುದನ್ನು ನಲವತ್ತು ದಿನ ಕೂತು ದಾಖಲಿಸಬೇಕು. ಆಮೇಲೆ ಅದನ್ನು ಒಂದು ತೋಳಂಗಿಗೆ ತುಂಬಬೇಕು. ಆ ಅಂಗಿಯನ್ನು ಯಾರು ತೊಟ್ಟರೂ ಅದು ಸಣ್ಣ ವಿದ್ಯುತ್ತಿನಿಂದ ಅವರ ತೋಳನ್ನು ಹಾಗೇ ಆಡಿಸುತ್ತದೆ. ಟೊಪ್ಪಿಗೆಯಲ್ಲಿ ಒಂದು ಪುಟ್ಟ ಕ್ಯಾಮೆರಾ, ಒಂದು ಮೈಕು. ಅಚ್ಚಿಗೆ ಅದೇ ಕಣ್ಣು, ಅದೇ ಕಿವಿ.

"ನೋಡವಾ ದಾನಮ್ಮ, ನಾಳೆ ನಿನ್ನ ಭುಜಕ್ಕ ಏನರೆ ಆತು ಅಂದ್ರ ಈ ಅಚ್ಚಿಟ್ಕೊಂಡು ನಿನ್ನ ಕೈ ರಿಪೇರಿ ಮಾಡ್ಸಬಹುದು. ನಿನ್ನ ಒಳ್ಳೇದಕ್ಕ ಹೇಳಾಕತ್ತೀನಿ," ಎಂದಿದ್ದ ಕೆರೂರ. ದಾನಮ್ಮ ಸಹಿ ಮಾಡಿದಳು. ಒಂದೇ ಷರತ್ತು ಹಾಕಿದಳು: ಈಗ ಜೋಳ ಹಾಲುಗಾಳು ಕಟ್ಟುವ ಕಾಲ, ಹೊಲ ಬಿಟ್ಟು ಬರಲಾರೆ, ಅಚ್ಚು ತೆಗೆಯುವುದಿದ್ದರೆ ನಮ್ಮ ಹೊಲಕ್ಕೇ ಬನ್ನಿ. ಕೆರೂರನಿಗೆ ಅವಸರ. ಅವನ ಜನ ಡೋಣಿ ದಂಡೆಗೆ ಬಂದು ಅವಳ ಮೈಗೆಲ್ಲ ತಂತಿ ಅಂಟಿಸಿ, ಹೊಲದ ಬದುವಿನ ಮೇಲೆ ಅಳತೆಯ ದಿಬ್ಬ ಕಟ್ಟಿಕೊಟ್ಟು, ಹುಬ್ಬಳ್ಳಿಗೆ ವಾಪಸಾದರು. ನಲವತ್ತು ದಿನ ಅವಳು ಅಲ್ಲೇ ಎಸೆದಳು. ತಂತಿಗಳು ಎಲ್ಲವನ್ನೂ ಹುಬ್ಬಳ್ಳಿಯ ಲ್ಯಾಬಿಗೆ ಕಳಿಸುತ್ತಿದ್ದವು.

ನಲವತ್ತೊಂದನೇ ದಿನ ಅವಳನ್ನು ತಂಡದಿಂದ ತೆಗೆದರು.

ತೋಳಂಗಿ ತೊಟ್ಟವನು ಕೆರೂರನ ಅಕ್ಕನ ಮಗ ಸಮರ್ಥ. ಅಲ್ಲಿಯವರೆಗೆ ಅವನು ಬೆಂಚಿನ ಮೇಲೆ ಕೂತು ಬೇರೆಯವರ ನೀರಿನ ಬಾಟಲಿ ಕಾಯುತ್ತಿದ್ದವ. ಮೊದಲ ಪಂದ್ಯದಲ್ಲೇ ಹನ್ನೊಂದು ಜನರನ್ನು ಕೆಡವಿದ. ಅಚ್ಚು ಕಂಪನಿಯ ಹೆಸರಿನಲ್ಲಿ ನೋಂದಣಿಯಾಗಿತ್ತಲ್ಲ, ಹಾಗಾಗಿ ಅದೇ ರೀತಿ ಇನ್ನು ಯಾರು ಎಸೆದರೂ ಅದು ಕಳ್ಳಮಾಲು. ದಾನಮ್ಮ ರಾಯಚೂರು ತಂಡಕ್ಕೆ ಆಡಲು ಹೋದಳು. ಮೊದಲ ಎಸೆತಕ್ಕೇ ಮೈದಾನದ ತೀರ್ಪು ಯಂತ್ರ ಕೆಂಪು ದೀಪ ಹತ್ತಿಸಿ "ನಕಲು" ಎಂದಿತು. ಇಡೀ ಗ್ಯಾಲರಿ ನಕ್ಕಿತು. ಮರುವಾರ ಈ ಬಳೆ ಬಂತು. ಒಪ್ಪಂದದ ಒಂಬತ್ತನೇ ಪುಟದಲ್ಲಿ ಇತ್ತಂತೆ. ಬಿಚ್ಚಿದರೆ ಜೈಲು.

ಎರಡು ವರ್ಷ ಅವಳು ಒಂದೂ ಚೆಂಡು ಮುಟ್ಟಲಿಲ್ಲ. ಕೆರೂರನನ್ನು ನೆನೆಯದ ದಿನವೂ ಇರಲಿಲ್ಲ. ರೊಟ್ಟಿ ಬಡಿಯುವಾಗ ನೆನೆಯುತ್ತಿದ್ದಳು, ಆ ರೊಟ್ಟಿ ಬಹಳ ತೆಳ್ಳಗೆ ಬರುತ್ತಿತ್ತು.

*

ಆ ಮಧ್ಯಾಹ್ನ ಊಟ ಮುಗಿಸಿ ಅಟ್ಟಣಿಗೆಯ ನೆರಳಲ್ಲಿ ಅವಳು ಫೋನಿನಲ್ಲಿ ಪಂದ್ಯ ನೋಡುತ್ತಿದ್ದಳು. ಕಲಬುರಗಿಯಲ್ಲಿ ಗರುಡದ ಆಟ. ತನ್ನದೇ ಕೈ ಇನ್ನೊಬ್ಬನ ಭುಜಕ್ಕೆ ಜೋತುಬಿದ್ದು ಆಡುವುದನ್ನು ನೋಡುವುದು ಹುಣ್ಣು ಕೆರೆದುಕೊಂಡ ಹಾಗೆ. ಉರಿಯುತ್ತದೆ, ಬಿಡಲೂ ಆಗುವುದಿಲ್ಲ.

ಏಳನೇ ಸುತ್ತು. ಸಮರ್ಥನ ಕೈ ಮೇಲೆದ್ದಿತು. ಅಷ್ಟರಲ್ಲಿ ಗ್ಯಾಲರಿಯ ಮುಂಸಾಲಿನಲ್ಲಿದ್ದ ಯಾರೋ ಒಬ್ಬ ಮುದುಕ ಖುಷಿಗೆ ಒದರಿದ:

"ಹೊಯ್ಯೋ... ಹಾರೋ ಹಾರೋ ಹೊಯ್!"

ಚೆಂಡು ತಿರುಗಲಿಲ್ಲ. ಮೆತ್ತಗೆ, ಬಿಲ್ಲಿನ ಹಾಗೆ ಬಾಗಿ, ನಟ್ಟನಡುವೆ ಬಂತು. ಬ್ಯಾಟು ಹಿಡಿದವನು ನಂಬಲಾರದೆ ತಡವಾಗಿ ಬೀಸಿ ಔಟಾದ. "ಕೈ ಜಾರಿರಬೇಕು," ಎಂದ ವೀಕ್ಷಕ ವಿವರಣೆಗಾರ.

ದಾನಮ್ಮ ಫೋನನ್ನು ಕಣ್ಣ ಹತ್ತಿರ ತಂದಳು. ಕೈ ಜಾರಿದ್ದಲ್ಲ. ಆ ಎಸೆತ ಅವಳಿಗೆ ಗೊತ್ತು. ಅದು ಹಕ್ಕಿ ಎಬ್ಬಿಸುವ ಎಸೆತ.

ಆಯಿಯ ಹೊಲದಲ್ಲಿ ಒಂದು ಕಟ್ಟಳೆ ಇತ್ತು. ಹಕ್ಕಿಗೆ ಹೊಡೆಯಬಾರದು, ತೆನೆಗೂ ಹೊಡೆಯಬಾರದು. ಆಯಿ ಕೂಗು ಹಾಕಿದ ಕೂಡಲೇ ಕೈಯಲ್ಲಿ ಏನಿದೆಯೋ ಅದನ್ನು, ಎರಡೂ ಇಲ್ಲದ ಖಾಲಿ ಜಾಗ ನೋಡಿ, ನಿಧಾನಕ್ಕೆ ಮೇಲೆತ್ತಿ ಎಸೆಯಬೇಕು. ಹಕ್ಕಿಗೆ ಏಳಲು ಹೊತ್ತು ಸಿಗಬೇಕು. "ಅವಕ್ಕೂ ಮಕ್ಳು ಮರಿ ಅದಾವು. ಹೆದರ್ಸು, ಹೊಡಿಬ್ಯಾಡ," ಎನ್ನುತ್ತಿದ್ದಳು ಆಯಿ. ಹದಿನೆಂಟು ಸುಗ್ಗಿ ಹಾಗೇ ಎಸೆದ ಕೈ ಅದು. ಆ ಕೂಗು ಕಿವಿಗೆ ಬಿದ್ದರೆ ತಲೆಯನ್ನು ಕೇಳದೆಯೇ ಮಣಿಕಟ್ಟು ಸಡಿಲಾಗುತ್ತಿತ್ತು. ಅಚ್ಚು ತೆಗೆದ ಆ ನಲವತ್ತು ದಿನವೂ ಆಯಿ ಅಟ್ಟಣಿಗೆಯ ಮೇಲಿಂದ ಕೂಗುತ್ತಲೇ ಇದ್ದಳು. ದಾನಮ್ಮ ದಿಬ್ಬದ ಮೇಲಿಂದಲೇ ಕೈಲಿದ್ದ ಚೆಂಡನ್ನು ಹೊಲಕ್ಕೆ ಬೀಸುತ್ತಲೇ ಇದ್ದಳು.

ಮೈಗಂಟಿದ ತಂತಿಗಳೊಂದಿಗೆ.

*

ವರ್ಷಕ್ಕೊಮ್ಮೆ ಅವಳು ಹುಬ್ಬಳ್ಳಿಯ ಲ್ಯಾಬಿಗೆ ಹೋಗಿ ಅಚ್ಚಿನೊಂದಿಗೆ ಕೈ ತಾಳೆ ನೋಡಿಸಬೇಕಿತ್ತು. ಅದೂ ಒಂಬತ್ತನೇ ಪುಟದ್ದೇ. ಈ ಸಲ ಅವಳು ಒಂದು ದಿನ ಮೊದಲೇ ಹೋದಳು, ಒಂದು ಚೀಲ ಸೀತನಿ ಹಿಡಿದುಕೊಂಡು.

ಅಚ್ಚಿನ ವಿಜ್ಞಾನಿ ಲಾವಣ್ಯ ಮೈಸೂರಿನ ಕಡೆಯವಳು. ಹಸಿರು ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಉದುರಿಸಿದರೆ ಸೀತನಿ ಎಂದು ಆಕೆಗೆ ಅವತ್ತೇ ಗೊತ್ತಾದದ್ದು. ಮುಷ್ಟಿ ಮುಷ್ಟಿ ತಿನ್ನುತ್ತ ಪರದೆಯ ಮುಂದೆ ಕೂತಳು.

"ಅಬ್ಬಾ, ಎಷ್ಟು ಸಿಹಿ! ಇದು ಜೋಳಾನಾ ದಾನಮ್ಮ?"

"ಹೌದ್ರಿ ಮೇಡಂ. ಹಕ್ಕಿ ತಿನ್ನೂಕ್ಕಿಂತ ಮೊದಲ ನಾವ್ ತಿನ್ನೂದು. ಅಲ್ರಿ, ಒಂದ್ ಕೇಳ್ತೀನಿ. ಗ್ಯಾಲರಿಯಾಗ ಅಷ್ಟ್ ಜನ ಒದರ್ತಾರ, ಅಚ್ಚಿಗೆ ತಲಿ ಕೆಡಂಗಿಲ್ಲೇನ್ರಿ?"

ಮಾಡಿದ ಕೆಲಸದ ಬಗ್ಗೆ ಯಾರಾದರೂ ಕೇಳಿದರೆ ವಿಜ್ಞಾನಿಗಳಿಗೆ ಬಾಯಿ ಕಟ್ಟಲಾಗುವುದಿಲ್ಲ. "ಅದೇ ನಮ್ಮ ಅದೃಷ್ಟ ನೋಡಿ. ನಿಮ್ಮ ರೆಕಾರ್ಡಿಂಗಲ್ಲೇ ಪ್ರೇಕ್ಷಕರ ಕೂಗು ಸಿಕ್ಕಿತ್ತು. ಊರೋರೆಲ್ಲ ನಿಮ್ಮ ಪ್ರಾಕ್ಟೀಸ್ ನೋಡೋಕೆ ಸೇರ್ತಿದ್ರು ಅಲ್ವಾ? ಯಾರೋ ಒಬ್ರು ಅಜ್ಜಿ ಅಂತೂ ಬಿಡದೆ ಹುರಿದುಂಬಿಸ್ತಾರೆ." ಲಾವಣ್ಯ ಒಂದು ಗುಂಡಿ ಒತ್ತಿದಳು. ಹುಬ್ಬಳ್ಳಿಯ ಆ ತಣ್ಣನೆಯ ಕೋಣೆಯಲ್ಲಿ ಆಯಿಯ ದನಿ ಮೊಳಗಿತು: ಹೊಯ್ಯೋ... ಹಾರೋ ಹಾರೋ ಹೊಯ್! ಪರದೆಯ ಮೇಲೆ ಅದಕ್ಕೊಂದು ಚೀಟಿ: 'ಪ್ರೇಕ್ಷಕರ ಹರ್ಷೋದ್ಗಾರ. ಉಳಿಸಿಕೊಳ್ಳಿ.'

ಮೇಜಿನ ಕೆಳಗೆ ದಾನಮ್ಮನ ಬಲಗೈ ಮಣಿಕಟ್ಟು ತಾನೇ ಸಡಿಲಾಯಿತು.

"ಆಗೆಲ್ಲ ನೀವು ಒಂಥರಾ ನಿಧಾನದ ಎಸೆತ ಹಾಕ್ತಿದ್ರಿ. ಜನರನ್ನ ಮೆಚ್ಚಿಸೋಕೆ ಇರಬೇಕು ಅಂದ್ಕೊಂಡು ಅದನ್ನೂ ಇಟ್ಕೊಂಡ್ವಿ."

"ಹೌದ್ರಿ," ಎಂದಳು ದಾನಮ್ಮ. "ಮೆಚ್ಚಸಾಕ ಹಾಕ್ತಿದ್ದೆ." ಸೀತನಿ ಚೀಲವನ್ನು ಆಕೆಯ ಕಡೆ ಸರಿಸಿದಳು. "ತಿನ್ರಿ ಮೇಡಂ, ಇನ್ನಾ ಐತಿ."

ಬಸ್ಸಿನಲ್ಲಿ ವಾಪಸು ಬರುವಾಗ ಅವಳಿಗೆ ಲೀಗಿನ ಮೂರು ತಪ್ಪಿನ ನಿಯಮ ನೆನಪಾಯಿತು. ಹಿಂದೊಮ್ಮೆ ಯಾರದೋ ತೋಳಂಗಿ ಹದ ತಪ್ಪಿ ಒಬ್ಬನ ದವಡೆ ಮುರಿದಿತ್ತು. ಅದಾದ ಮೇಲೆ ಮಾಡಿದ ನಿಯಮ: ಒಂದೇ ಪಂದ್ಯದಲ್ಲಿ ಒಂದೇ ಕಾರಣಕ್ಕೆ ಅಚ್ಚು ಮೂರು ಸಲ ತಪ್ಪಿದರೆ ತೀರ್ಪು ಯಂತ್ರವೇ ಅದರ ನೋಂದಣಿ ರದ್ದು ಮಾಡುತ್ತದೆ. ಅಚ್ಚು ಅಳಿಯುತ್ತದೆ. ಎಸೆತ ಯಾರ ಮೈಯಿಂದ ಬಂದಿತ್ತೋ ಅವರಿಗೇ ಮರಳುತ್ತದೆ.

ಮೂರು ಕೂಗು. ಅಷ್ಟೇ ಬೇಕಾದದ್ದು. ಆ ವರ್ಷದ ಕೊನೆಯ ಪಂದ್ಯ ಹುಬ್ಬಳ್ಳಿ ಗರುಡಕ್ಕೂ ರಾಯಚೂರಿಗೂ, ಒಂದು ಭಾನುವಾರ ಮಧ್ಯಾಹ್ನ, ಡೋಣಿ ದಂಡೆಯಿಂದ ಟೆಂಪೋದಲ್ಲಿ ಒಂದು ತಾಸಿನ ದಾರಿಯ ವಿಜಯಪುರದಲ್ಲಿ.

*

"ಆಗಂಗಿಲ್ಲ," ಎಂದಳು ಆಯಿ.

ಒಲೆಯ ಮುಂದೆ ಇಬ್ಬರೂ ಕೂತಿದ್ದರು. ದಾನಮ್ಮ ಎಲ್ಲ ಹೇಳಿ ಮುಗಿಸಿದ್ದಳು, ಬಳೆಯ ವಿಷಯ ಒಂದು ಬಿಟ್ಟು.

"ಕೂಗೂದು ಹಕ್ಕಿ ಎಬ್ಬಸಾಕ. ಒಬ್ಬರ ಮನಿ ಕೆಡಸಾಕ ಅಲ್ಲ."

"ಅವ ನನ್ನ ಮನಿ ಕೆಡಿಸ್ಯಾನಲ್ಲ ಆಯಿ."

"ಮತ್ತ ನಿಂದರ ಏನ್ ಉಳಿತೈತಿ? ನಾಕ್ ಮಂದಿ ಮುಂದ ಆ ಗುಟ್ಟು ಒಡದ್ರ, ನಾಳಿ ನೀ ಆಡಾಕ ನಿಂತಾಗ ನಿನಗೂ ಹಂಗ ಕೂಗ್ತಾರ. ನಿನ್ನ ಕೈನೂ ಸಡ್ಲಾಗತೈತಿ. ಅದನ್ ವಿಚಾರ ಮಾಡಿಯೇನು?"

ಮಾಡಿದ್ದಳು. ಬಸ್ಸಿನಲ್ಲಿ ಇಡೀ ದಾರಿ ಅದನ್ನೇ ಮಾಡಿದ್ದಳು. ಎದ್ದು ಹೊರಗೆ ಹೋದಳು. ಅಂಗಳದಲ್ಲಿ ಬಿದ್ದಿದ್ದ ಈರುಳ್ಳಿಯೊಂದನ್ನು ಎತ್ತಿ, ಕಾಲೆತ್ತಿ, ಎದೆ ತಿರುಗಿಸಿ, ಗೋಡೆಗೆ ಬೀಸಿದಳು. ಬಳೆ ಒದರಿತು. ಆಯಿ ಬಾಗಿಲಿಗೆ ಬಂದಳು.

"ಈಗ್ಯಾಕ ಒದರ್ತು? ಈಗೇನ್ ಊಟದ ಹೊತ್ತಲ್ಲ."

"ಅದು ಹೊತ್ತು ಹೇಳೂ ಬಳಿ ಅಲ್ಲ ಆಯಿ. ನಿನಗ ಸುಳ್ಳ್ ಹೇಳಿದ್ದೆ. ಈ ಕೈ ನಂದಲ್ಲ ಅಂತೈತಿ ಅದು. ಕೆರೂರ ಸಾವ್ಕಾರನ್ದು, ನಾನು ಕದ್ದ ಬಳಸಾಕತ್ತೀನಿ ಅಂತೈತಿ. ದಿನಾ ಅಂತೈತಿ. ಎರಡ್ ವರ್ಷಾತು."

ಆಯಿ ಅವಳ ಬಲಗೈಯನ್ನು ಎಳೆದುಕೊಂಡಳು. ಬಳೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಬಳೆಯ ಕೆಳಗೆ ಚರ್ಮ ಬೆಳ್ಳಗೆ, ಮುದುರಿಹೋಗಿತ್ತು.

"ಈ ಕೈಗೆ ನಾ ಎಣ್ಣಿ ಹಚ್ಚೀನಿ," ಎಂದಳು. "ಹುಟ್ಟಿದ್ದು ಏಳ್ ತಿಂಗ್ಳಿಗೆ. ಕೈ ಕಡ್ಡಿ ಇದ್ದಂಗಿತ್ತು. ವರ್ಷಾನಗಟ್ಲೆ ತಿಕ್ಕೀನಿ. ಅವನ್ದಂತ?"

ಆಯಿ ಹಿಡಿದ ಕೈ ಬಿಡಲಿಲ್ಲ.

"ಆ ಮಶೀನಿಗೆ ನನ್ ದನಿ ಗೊತ್ತೈತೇನು?"

"ಗೊತ್ತೈತಿ ಆಯಿ. ಎಲ್ಲಾರ್ಕಿಂತ ಛಲೋ ನಿನ್ ಮಾತ ಕೇಳತೈತಿ."

"ಹಂಗಾರ ನಿನಗಿಂತ ಶಾಣೇದೈತಿ," ಎಂದಳು ಆಯಿ. "ಆ ದೊಡ್ಡ ಮೈದಾನಕ್ಕ ನನ್ನೊಬ್ಬಾಕಿ ದನಿ ಸಾಲಂಗಿಲ್ಲ. ಡೋಣಿ ದಂಡಿ ಹೆಂಗಸ್ರನ್ನೆಲ್ಲಾ ಕರಿತೀನಿ. ಟೆಂಪೋ ಹೇಳು."

*

ಕೊನೆಯ ಪಂದ್ಯಕ್ಕೆ ಅಚ್ಚಿನ ಮೂಲದವಳು ನಿಯಂತ್ರಣ ಕೋಣೆಯಲ್ಲಿ ಕೂತಿರಬೇಕು. ಅಚ್ಚು ಅಲುಗಿದರೆ ತಾಳೆ ನೋಡಲು ಕೈ ಬೇಕಲ್ಲ. ಹಾಗಾಗಿ ದಾನಮ್ಮ ಗ್ಯಾಲರಿಯ ಮೇಲಿನ ಗಾಜಿನ ಕೋಣೆಯಲ್ಲಿ, ಲಾವಣ್ಯಳ ಪಕ್ಕದ ಕುರ್ಚಿಯಲ್ಲಿ, ಮಡಿಲಲ್ಲಿ ಕೈಯಿಟ್ಟು ಕೂತಿದ್ದಳು. ಹಿಂದೆ ಕೆರೂರ. ಬಿಳಿ ಅಂಗಿ, ಬಾಯಲ್ಲಿ ಏಲಕ್ಕಿ.

"ಏನವಾ ದಾನಮ್ಮ, ಆರಾಮ? ನೋಡು, ನಿನ್ನ ಕೈಗೆ ಎಂಥಾ ಹೆಸರ್ ತಂದುಕೊಟ್ಟೆ."

"ಹೌದ್ರಿ. ಹೆಸರೊಂದ್ ಬ್ಯಾರೆಯವ್ರದೈತಿ ಅಷ್ಟ."

ಕೆರೂರ ಗಹಗಹಿಸಿ ನಕ್ಕ. ನಗಲಿ ಎಂದುಕೊಂಡಳು. ನಕ್ಕು ಮುಗಿಸಲಿ.

ಒಂಬತ್ತನೇ ಸುತ್ತು, ಕೊನೆಯದು. ಹುಬ್ಬಳ್ಳಿ ಐದು, ರಾಯಚೂರು ಎರಡು. ರಾಯಚೂರಿನ ಸರದಿ. ಒಬ್ಬ ಔಟಾಗಿ, ಒಬ್ಬ ಹೇಗೋ ಓಡಿ ಮೊದಲ ಗುರುತಿನಲ್ಲಿ ನಿಂತಿದ್ದ. ಸಮರ್ಥನ ಕೈ ಮೇಲೆದ್ದಿತು. ಬೇಲಿಯ ಮಗ್ಗುಲಿನ ಸಾಲಿನಲ್ಲಿ ನಲವತ್ತು ಇಳಕಲ್ ಸೀರೆಗಳು ಎದ್ದು ನಿಂತವು.

"ಹೊಯ್ಯೋ... ಹಾರೋ ಹಾರೋ ಹೊಯ್!"

ಸಮರ್ಥನ ಮಣಿಕಟ್ಟು ಮಲ್ಲಿಗೆ ಎಸೆದ ಹಾಗೆ ಬಿಚ್ಚಿಕೊಂಡಿತು. ಬ್ಯಾಟಿನವನ ಮೈಯೂ ಅಲ್ಲ, ಕ್ಯಾಚರನ ಗವಸೂ ಅಲ್ಲ, ಅವೆರಡರ ನಡುವಿನ ಖಾಲಿ ಜಾಗಕ್ಕೆ ಚೆಂಡು ನಿಧಾನವಾಗಿ ತೇಲುತ್ತ ಬಂತು. ಠಣ್! ಬೇಲಿಯಾಚೆ. ಗುರುತಿನಲ್ಲಿ ನಿಂತಿದ್ದವನದೂ ಸೇರಿ ಎರಡು ಓಟ. ಐದು, ನಾಲ್ಕು.

ಲಾವಣ್ಯಳ ಪರದೆಯಲ್ಲಿ ಹಳದಿ ಗುರುತು ಹತ್ತಿತು: 'ಅಚ್ಚಿನ ತಪ್ಪು ಒಂದು. ಕಾರಣ: ಶಬ್ದ.' ಆಕೆಯ ಕೈ ನಿಂತಿತು. ಮೈಕಿನಲ್ಲಿ ಹಿಡಿದ ಕೂಗನ್ನು ಮತ್ತೆ ಕೇಳಿಸಿಕೊಂಡಳು. ಮೆಲ್ಲಗೆ ದಾನಮ್ಮನ ಕಡೆ ತಿರುಗಿದಳು. ಮುಖ ಬಿಳಿಚಿತ್ತು.

"ಅದು ಹರ್ಷೋದ್ಗಾರ ಅಲ್ಲ. ಅಲ್ವಾ?"

"ಅಲ್ರಿ."

"ನಿಮಗೆ ಮೊದಲೇ ಗೊತ್ತಿತ್ತಾ? ಗೊತ್ತಿದ್ದೂ ಸುಮ್ನಿದ್ರಾ?"

"ನೀವೂ ಸುಮ್ನಿದ್ರೆಲ್ರಿ ಮೇಡಂ. ಈ ಬಳಿ ತೊಡಸುವಾಗ."

ಲಾವಣ್ಯ ಪರದೆಯ ಕಡೆ ಮುಖ ಮಾಡಿದಳು.

ಎರಡನೇ ಕೂಗು ಮುಂದಿನವನಿಗೆ ಬಿತ್ತು. ಠಣ್! ಐದು, ಐದು. ಇಡೀ ಮೈದಾನ ಎದ್ದು ನಿಂತಿತು. ದಿಬ್ಬದ ಮೇಲೆ ಸಮರ್ಥ ತನ್ನ ಬಲಗೈಯನ್ನು ಯಾರದೋ ಎನ್ನುವ ಹಾಗೆ ದಿಟ್ಟಿಸುತ್ತಿದ್ದ. ಅವನಿಗೂ ಒಂದು ಕಾಲಕ್ಕೆ ಅವನದೇ ಕೈ ಇದ್ದಿರಬೇಕು ಎಂದು ದಾನಮ್ಮನಿಗೆ ಒಂದು ಕ್ಷಣ ಅನ್ನಿಸಿತು. ಅದಕ್ಕಿಂತ ಹೆಚ್ಚು ಕನಿಕರ ಅವಳಲ್ಲಿ ಉಳಿದಿರಲಿಲ್ಲ.

"ಏನ ಆಗಾಕತ್ತೈತಿ ಅಲ್ಲಿ?" ಕೆರೂರ ಏಲಕ್ಕಿ ಉಗುಳಿದ. "ಲಾವಣ್ಯಾ, ಆ ಮೈಕ್ ಬಂದ್ ಮಾಡ್ರಿ!"

"ಕಿವಿ ಮುಚ್ಚಿದ್ರೆ ಅಂಗಿ ಪೂರ್ತಿ ನಿಂತೋಗುತ್ತೆ ಸಾರ್. ಒಂದು ಕಡ್ಡಿಯೂ ಎತ್ತೋಕಾಗಲ್ಲ ಅವರಿಗೆ."

"ಹಂಗಾರ ಬ್ಯಾರೆ ಎಸೆತಗಾರನ್ನ ಇಳಸ್ರಿ!"

ಬೇರೆ ಎಸೆತಗಾರರೇ ಇರಲಿಲ್ಲ. ದಣಿಯದ ಒಂದು ತೋಳು ಸಿಕ್ಕಿದ ಮೇಲೆ ಎಂಟು ಜನರನ್ನು ಮನೆಗೆ ಕಳಿಸಿದ್ದವನು ಕೆರೂರನೇ. ಅದು ಅವನಿಗೂ ಈಗ ನೆನಪಾಯಿತು. ಇನ್ನೊಬ್ಬ ರಾಯಚೂರಿನವನು ನಡುವೆ ಔಟಾದ. ಎರಡು ಔಟು. ಇನ್ನೊಂದು ಸಿಕ್ಕಿದ್ದರೆ ಸುತ್ತು ಮುಗಿಯುತ್ತಿತ್ತು. ಬ್ಯಾಟು ತಿರುಗಿಸುತ್ತ ಕಣಕ್ಕೆ ಬಂದವಳು ಜುಲೇಖಾ ಬಾಗವಾನ. ದಾನಮ್ಮನನ್ನು ತೆಗೆದ ವಾರವೇ ಗರುಡ ಬಿಟ್ಟು ರಾಯಚೂರಿಗೆ ಹೋದವಳು.

ಕೆರೂರ ಆಟ ನಿಲ್ಲಿಸುವ ಬಾವುಟ ಎತ್ತಿಸಿದ. ಎರಡು ನಿಮಿಷ ಸಿಕ್ಕಿತು. ಕುರ್ಚಿ ಎಳೆದುಕೊಂಡು ದಾನಮ್ಮನ ಎದುರು, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂತ. ದನಿ ಬದಲಾಗಿತ್ತು.

"ಇದು ನಿಂದ ಕೆಲಸ. ಇರಲಿ, ಸಿಟ್ಟಿತ್ತು, ತೀರಿಸ್ಕೊಂಡಿ. ಈಗ ಕೇಳು. ಈ ಗಳಿಗ್ಗೆ ಅಚ್ಚು ಬಿಟ್ಟುಕೊಡ್ತೀನಿ. ಬೆರಳ್ ಒತ್ತಿದ್ರ ಮುಗೀತು. ಅಚ್ಚಿನ ಮೂಲದಾಕಿ ಅಂತ ನಿನ್ನ ಹೆಸರು ಇನ್ನಾ ನಮ್ಮ ಪಟ್ಟಿಯಾಗ ಐತಿ, ನೀನ ದಿಬ್ಬಕ್ಕ ಇಳಿ, ಆ ಜುಲೇಖಾನ್ನ ಔಟ್ ಮಾಡು. ಎರಡ್ ತಪ್ಪು ಅಷ್ಟ ಆಗ್ಯಾವು, ಅದ್ಯಾಕಂತ ಹೊರಗಿನ ಯಾರಿಗೂ ತಿಳಿದಿಲ್ಲ. ಮೂರನೇದು ಆತು ಅಂದ್ರ ಯಂತ್ರ ಕಾರಣ ಸಮೇತ ಪರದೆ ಮ್ಯಾಲ ಹಾಕ್ತೈತಿ. ಲೀಗಿಗೆಲ್ಲಾ ಗೊತ್ತಾಗತೈತಿ. ಆಮ್ಯಾಲ ನಿನ್ನ ಕೈನೂ ಮುಗೀತು. ನಾ ಕೊಡಾಕತ್ತೀನಿ, ತಗೋ."

ಒಂದು ತಟ್ಟೆಯಂಥ ಪರದೆಯನ್ನು ಮುಂದೆ ಹಿಡಿದ. ಅವನ ಹೆಬ್ಬೆರಳು ಅದರ ಮೇಲೆ ತೂಗಾಡುತ್ತಿತ್ತು.

ಅವನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ದಾನಮ್ಮ ಆ ಹೆಬ್ಬೆರಳನ್ನು ನೋಡಿದಳು. ಎರಡು ವರ್ಷ ಹಗಲೆಲ್ಲ ಬೇಡಿದ್ದು ಅದೊಂದು ಬೆರಳಿನ ಕೆಳಗಿತ್ತು. ಆಮೇಲೆ ತನ್ನ ಕೈ ನೋಡಿಕೊಂಡಳು.

"ನೀವು ಕೊಡೂದ್ ಬ್ಯಾಡ್ರಿ," ಎಂದಳು. "ನೀವು ಕೊಟ್ರಂದ್ರ ಅದು ನಿಮ್ದಾಗಿತ್ತು ಅಂತ ಆಗತೈತಿ."

"ಹುಚ್ಚಿ! ನಿನ್ನ ಕೈ ನೀನ ಕಡಕೊಳ್ಳಾಕತ್ತಿ!"

"ನನ್ ಕೈ ಅಂದ್ರಿ ನೋಡ್ರಿ ಈಗ," ದಾನಮ್ಮ ನಕ್ಕಳು. "ಎರಡ್ ವರ್ಷದಾಗ ಮೊದಲ್ನೇ ಸಲ."

ಬಾವುಟ ಇಳಿಯಿತು. ಅವಳು ಎದ್ದು ಹೋಗಿ ಗಾಜಿನ ಕಿಟಕಿಯನ್ನು ಸರಿಸಿದಳು. ಕೆಳಗೆ, ದೂರದಲ್ಲಿ, ಆಯಿ ಮೇಲೆ ನೋಡುತ್ತಿದ್ದಳು. ಕೂಗಲೋ ಬೇಡವೋ ಎಂದು ಕೇಳುತ್ತಿರುವ ಹಾಗೆ. ಸಮರ್ಥನ ಕೈ ಮೇಲೆದ್ದಿತು. ದಾನಮ್ಮ ಆಯಿಯನ್ನು ಕಾಯಿಸಲಿಲ್ಲ. ತನ್ನ ಗಂಟಲಲ್ಲೇ, ಹೊಟ್ಟೆಯ ಆಳದಿಂದ, ಎರಡು ವರ್ಷದ ಬೆಂಕಿಯನ್ನೆಲ್ಲ ಸೇರಿಸಿ ಕೂಗಿದಳು. ನಲವತ್ತು ಹೆಂಗಸರು ದನಿಗೂಡಿಸಿದರು.

ಚೆಂಡು ತೇಲಿತು. ಜುಲೇಖಾ ಅದನ್ನು ಗುರುತಿಸಿದಳೇನೋ, ಬ್ಯಾಟು ಬೀಸುವ ಮೊದಲೇ ನಗುತ್ತಿದ್ದಳು. ಠಣ್ ಎಂದ ಸದ್ದು ಗೋಳಗುಮ್ಮಟದವರೆಗೆ ಹೋಗಿರಬೇಕು.

ದೊಡ್ಡ ಪರದೆಯಲ್ಲಿ ರಾಯಚೂರಿನ ಗೆಲುವಿಗಿಂತ ಮೊದಲು ಇನ್ನೊಂದು ಸಾಲು ಬಂತು: 'ಅಚ್ಚಿನ ತಪ್ಪು ಮೂರು. ಕಾರಣ: ಹಕ್ಕಿ ಕಾಯುವವರ ಕೂಗು. ನೋಂದಣಿ ರದ್ದು. ಎಸೆತದ ಒಡೆಯರು: ದಾನಮ್ಮ ನಾಟೀಕಾರ.' ಕೂಗಿನ ನಿಜ ಹೆಸರನ್ನು ಅಲ್ಲಿ ಬರೆದವಳು ಲಾವಣ್ಯ. ಹಳೆಯ ಚೀಟಿಯನ್ನು ಆಕೆ ಆ ಎರಡು ನಿಮಿಷದಲ್ಲಿ ತಿದ್ದಿದ್ದಳು.

ಕೆಳಗೆ ಸಮರ್ಥನ ತೋಳಂಗಿ ಸತ್ತ ಹಾವಿನ ಹಾಗೆ ಜೋತುಬಿತ್ತು. ಮೇಲೆ ಕೆರೂರ ಕುರ್ಚಿಯಲ್ಲಿ ಹಾಗೇ ಕೂತಿದ್ದ. ದಾನಮ್ಮನ ಮಣಿಕಟ್ಟಿನ ಬಳೆ ಟಿಕ್ ಎಂದು ಬಾಯಿ ಬಿಟ್ಟಿತು. ಅವಳು ಅದನ್ನು ತೆಗೆದು ಅವನ ಮಡಿಲಲ್ಲಿಟ್ಟಳು.

"ಹೊತ್ತಾತ್ರಿ ಸಾವ್ಕಾರ," ಎಂದಳು. "ಊಟಕ್ಕ ಇಳೀರಿ."

*

ಆಯಿ ಹೇಳಿದ್ದು ಹಾಗೇ ಆಯಿತು. ಮುಂದಿನ ವರ್ಷದ ಮೊದಲ ಪಂದ್ಯ, ಹುಬ್ಬಳ್ಳಿಯಲ್ಲಿ. ದಾನಮ್ಮ ರಾಯಚೂರಿನ ಕೆಂಪು ಅಂಗಿ ತೊಟ್ಟು ದಿಬ್ಬ ಹತ್ತಿದಳು. ಬೇಲಿಯ ಸುತ್ತ ಕೆರೂರ ಕೂರಿಸಿದ ಮುನ್ನೂರು ಜನ ಎದ್ದು ನಿಂತು ಕೂಗಿದರು. ಉಚ್ಚಾರ ಕೆಟ್ಟದಾಗಿತ್ತು, ರಾಗ ಮಾತ್ರ ಸರಿಯಿತ್ತು. ಅವಳ ಮಣಿಕಟ್ಟು ಸಡಿಲಾಯಿತು. ಚೆಂಡು ತೇಲುತ್ತ ನಡುವೆ ಹೋಯಿತು. ಠಣ್! ಬೇಲಿಯಾಚೆ.

ಗ್ಯಾಲರಿ ಕೇಕೆ ಹಾಕಿತು. ಮೊದಲ ಸಾಲಿನಲ್ಲಿ ಕೆರೂರ ನಿಧಾನವಾಗಿ ಚಪ್ಪಾಳೆ ತಟ್ಟಿದ. ಕ್ಯಾಚರ್ ಜಾಗದಲ್ಲಿದ್ದ ಜುಲೇಖಾ ಓಡಿ ಬಂದಳು.

"ಏನಲೇ?"

"ಏನಿಲ್ಲ. ಕೆಂಪು ದೀಪ ಹತ್ತಿತೇನು?"

"ಇಲ್ಲ."

"ಸಾಕು. ನೀ ಹೋಗಿ ಕೂಡು."

ಆ ಸುಗ್ಗಿಯಲ್ಲಿ ಆಯಿ ಅಟ್ಟಣಿಗೆಯ ಮೇಲೆ ಕೂತು ದಿನಕ್ಕೆ ಇನ್ನೂರು ಸಲ ಕೂಗಿದ್ದಳು. ಹೊಲದಲ್ಲಿ ಹಕ್ಕಿ ಇರಲಿ ಬಿಡಲಿ, ಗಂಟಲು ಒಡೆಯುವವರೆಗೆ. ಪ್ರತಿ ಕೂಗಿಗೂ ದಾನಮ್ಮ ಬದುವಿನ ದಿಬ್ಬದಿಂದ ಎಸೆಯುತ್ತಿದ್ದಳು. ಮೊದಲ ತಿಂಗಳು ಇನ್ನೂರಕ್ಕೆ ಇನ್ನೂರೂ ಸಡಿಲ. ಅಚ್ಚಾದದ್ದು ಅಚ್ಚೇ, ಎಷ್ಟು ಕೂಗಿದರೂ ಹೊಸದು ಕಲಿಯುವುದಿಲ್ಲ. ಆದರೆ ಇದು ಕೈ. ರಾಶಿ ಮಾಡುವ ಹೊತ್ತಿಗೆ ಒಂದು ಮಧ್ಯಾಹ್ನ ಆಯಿ ಕೆಳಗಿಳಿದು ಬಂದು ಹೇಳಿದ್ದಳು, "ಇವತ್ತ ಹನ್ನೊಂದ್ ಸಲ ನನ್ ಮಾತ ಮೀರಿದಿ ನೀ." ಬೈದದ್ದೋ ಹೊಗಳಿದ್ದೋ ತಿಳಿಯಲಿಲ್ಲ. ಆ ರಾತ್ರಿಯ ರೊಟ್ಟಿಗೆ ತುಪ್ಪ ಮಾತ್ರ ಹೆಚ್ಚಿತ್ತು.

ಇನ್ನೂರಕ್ಕೆ ಹನ್ನೊಂದು.

ದಾನಮ್ಮ ಹೊಸ ಚೆಂಡನ್ನು ಅಂಗೈಯಲ್ಲಿ ತಿರುಗಿಸಿದಳು. ಬಳೆಯ ಜಾಗದಲ್ಲಿ ಚರ್ಮ ಇನ್ನೂ ಬೆಳ್ಳಗಿತ್ತು. ಬೇಲಿಯ ಕಡೆ, ಚಪ್ಪಾಳೆ ತಟ್ಟುತ್ತಿದ್ದ ಆ ಬಿಳಿ ಅಂಗಿಯ ಕಡೆ ತಿರುಗಿ, ಬೆರಳಿನಿಂದ ಕಿವಿ ಮುಟ್ಟಿ ತೋರಿಸಿದಳು.

"ಕೇಳಸ್ಲಿಲ್ರಿ ಸಾವ್ಕಾರ," ಎಂದು ಒದರಿದಳು. "ಇನ್ನೊಮ್ಮೆ ಕೂಗಸ್ರಿ!"